ಟಿಎಂಟಿ ನಾರ್ಮಲ್ ಬಂದ ಮೇಲೂ ಕೊಲೆಸ್ಟ್ರಾಲ್ ಮಾತ್ರೆ ಏಕೆ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ, ದಿನವಿಡೀ ಕೂತು ಮಾಡುವ ಕೆಲಸ. ಸಿಗರೇಟು ಬಿಟ್ಟು ಎರಡು ವರ್ಷವಾಯಿತು. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 246, ಎಲ್‌ಡಿಎಲ್ 168, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 210 ಬಂದಿದೆ. ಬಿಪಿ 138/88, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9. ನಮ್ಮ ತಂದೆಗೆ 51ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ) ಮಾಡಿಸಿದೆ, ನಾರ್ಮಲ್. ಆದರೂ ಡಾಕ್ಟರು ಅಟೊರ್ವಾಸ್ಟಾಟಿನ್ 20 ಬರೆದುಕೊಟ್ಟಿದ್ದಾರೆ. ಬ್ಲಾಕೇ ಇಲ್ಲದ ಮೇಲೆ ಮಾತ್ರೆ ಯಾಕೆ? ಪೈಪಿನೊಳಗೆ ಜಿಡ್ಡು ಕಟ್ಟಿದ ಹಾಗೆ ಕೊಬ್ಬು ಕಟ್ಟುತ್ತದಂತೆ, ಪಥ್ಯ ಮಾಡಿದರೆ ಕರಗುವುದಿಲ್ಲವೇ? ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು ಅನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಗೊಂದಲದ ಬೇರು ಆ ಪೈಪಿನ ಮಾತಿನಲ್ಲೇ ಇದೆ. ಪೈಪಿನಲ್ಲಿ ಜಿಡ್ಡು ಕಟ್ಟುವುದು ನೀರು ಹರಿಯುವ ಜಾಗದಲ್ಲಿ. ಕೊಲೆಸ್ಟ್ರಾಲ್ ಸೇರಿಕೊಳ್ಳುವುದು ರಕ್ತ ಹರಿಯುವ ಜಾಗದಲ್ಲಲ್ಲ, ನಾಳದ ಗೋಡೆಯ ಒಳಗೆ. ಟಿಎಂಟಿ ನೋಡುವುದು ಹರಿವಿಗೆ ತಡೆಯಿದೆಯೇ ಎಂದು ಮಾತ್ರ. ಗೋಡೆಯೊಳಗೆ ಏನು ನಡೆಯುತ್ತಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ನಿಮ್ಮ ಟಿಎಂಟಿ ನಾರ್ಮಲ್ ಬಂದದ್ದೂ ಸರಿ, ಡಾಕ್ಟರು ಮಾತ್ರೆ ಬರೆದದ್ದೂ ಸರಿ.

ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಬುಡದಲ್ಲಿ ಮೂರ್ನಾಲ್ಕು ಮಿಲಿಮೀಟರ್ ಅಗಲ ಇರುತ್ತವೆ. ಅವುಗಳ ಒಳಮೈಗೆ ಹಾಸಿರುವುದು ಒಂದೇ ಒಂದು ಸಾಲು ಕೋಶಗಳ ಪದರ, ಎಂಡೋಥೀಲಿಯಂ. ಇದನ್ನು ಬಹಳ ಕಾಲ ವೈದ್ಯರೂ ಬರೀ ಹೊದಿಕೆ ಅಂದುಕೊಂಡಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಮಾಡಿದ ಪ್ರಯೋಗ ಆ ನಂಬಿಕೆಯನ್ನು ಕೆಡವಿತು. ಒಳಪದರ ಉಳಿದಿದ್ದ ತುಂಡಿಗೆ ನರಗಳು ಬಿಡುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹಾಕಿದರೆ ಅದು ಸಡಿಲವಾಗುತ್ತಿತ್ತು. ಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗುತ್ತಿರಲಿಲ್ಲ. ಅಂದರೆ ನಾಳ ಹಿಗ್ಗಲು ಬೇಕಾದ ಸಂದೇಶ ಹೊರಡುವುದೇ ಆ ಪದರದಿಂದ. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ಗೊತ್ತಾಯಿತು. ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರ ನೊಬೆಲ್ ಬಂತು. ನೈಟ್ರಿಕ್ ಆಕ್ಸೈಡ್ ನಾಳವನ್ನು ಹಿಗ್ಗಿಸುವುದಷ್ಟೇ ಅಲ್ಲ, ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ, ಬಿಳಿ ರಕ್ತಕಣಗಳು ಗೋಡೆಗೆ ಹತ್ತಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ಈಗ ಕೊಲೆಸ್ಟ್ರಾಲಿಗೆ ಬರೋಣ. ಅದು ಕೊಬ್ಬಿನ ಜಾತಿಯದು, ರಕ್ತದಲ್ಲಿ ಕರಗುವುದಿಲ್ಲ. ಅದನ್ನು ಹೊತ್ತು ತಿರುಗುವ ಕಣಗಳಲ್ಲಿ ಮುಖ್ಯವಾದದ್ದು ಎಲ್‌ಡಿಎಲ್. ಒಂದು ಕಣದ ಅಡ್ಡಳತೆ ಸುಮಾರು 22 ನ್ಯಾನೊಮೀಟರ್, ಎಂದರೆ ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿಗೆ 45 ಸಾವಿರ ಕಣ ಹಿಡಿಯುತ್ತವೆ. ಇಷ್ಟು ಸಣ್ಣದಾದ್ದರಿಂದ ಒಳಪದರ ಹರಿದಿರಬೇಕೆಂದೇನೂ ಇಲ್ಲ. ಪದರದ ಕೋಶಗಳೇ ಕಣವನ್ನು ಪುಟ್ಟ ಚೀಲದಲ್ಲಿ ತುಂಬಿಕೊಂಡು ಆಚೆ ಬದಿಗೆ ಬಿಡುತ್ತವೆ. ರಕ್ತದಲ್ಲಿ ಕಣಗಳು ಹೆಚ್ಚಿದ್ದಷ್ಟೂ ದಾಟುವವೂ ಹೆಚ್ಚು. ದಾಟಿದ ಎಲ್ಲವೂ ಅಲ್ಲೇ ನಿಲ್ಲುವುದಿಲ್ಲ, ಬಹಳಷ್ಟು ವಾಪಸು ಹೋಗುತ್ತವೆ. ಆದರೆ ಪ್ರತಿ ಎಲ್‌ಡಿಎಲ್ ಕಣದ ಮೈಗೂ ಅಪೊ-ಬಿ ಎಂಬ ಒಂದು ಪ್ರೋಟೀನ್ ಸುತ್ತಿಕೊಂಡಿರುತ್ತದೆ. ಅದರಲ್ಲಿ ಧನ ವಿದ್ಯುದಂಶದ ಭಾಗಗಳಿವೆ. ಒಳಪದರದ ಕೆಳಗಿನ ಇಂಟಿಮಾ ಎಂಬ ಜಾಗದಲ್ಲಿರುವ ಪ್ರೋಟಿಯೊಗ್ಲೈಕಾನ್ ಎಳೆಗಳಿಗೆ ಋಣ ಅಂಶ. ಎರಡೂ ಕಚ್ಚಿಕೊಂಡರೆ ಕಣ ಅಲ್ಲೇ ಸಿಕ್ಕಿಬೀಳುತ್ತದೆ. ಇಡೀ ಕಾಯಿಲೆಯ ಮೊದಲ ಹೆಜ್ಜೆ ಇದು.

ಸಿಕ್ಕಿಬಿದ್ದ ಕಣ ಅಲ್ಲಿ ಆಕ್ಸಿಡೀಕರಣಗೊಂಡು ಕೆಡುತ್ತದೆ. ಕೆಟ್ಟ ಎಲ್‌ಡಿಎಲ್ ಕಂಡ ಒಳಪದರದ ಕೋಶಗಳು ತಮ್ಮ ಮೈಮೇಲೆ ವಿಕ್ಯಾಮ್-1 ಎಂಬ ಅಂಟುವ ಅಣುಗಳನ್ನು ಹೊರಚಾಚುತ್ತವೆ. ರಕ್ತದಲ್ಲಿ ಹೋಗುತ್ತಿದ್ದ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ಅದಕ್ಕೆ ಹತ್ತಿಕೊಂಡು, ಸಂದಿಯಲ್ಲಿ ನುಸುಳಿ ಒಳಗಿಳಿದು, ಮ್ಯಾಕ್ರೊಫೇಜ್ ಆಗಿ ಮಾರ್ಪಟ್ಟು ಆ ಕೊಬ್ಬನ್ನು ನುಂಗಲು ಶುರುಮಾಡುತ್ತವೆ. ಸಾಮಾನ್ಯ ಕೋಶಕ್ಕೆ ಕೊಲೆಸ್ಟ್ರಾಲ್ ಸಾಕಾದಾಗ ಒಳಗೆ ತೆಗೆದುಕೊಳ್ಳುವುದನ್ನು ನಿಲ್ಲಿಸುವ ವ್ಯವಸ್ಥೆ ಇದೆ. ಮ್ಯಾಕ್ರೊಫೇಜು ಕೆಟ್ಟ ಎಲ್‌ಡಿಎಲ್ಲನ್ನು ಒಳಗೆಳೆದುಕೊಳ್ಳುವ ಬಾಗಿಲಿಗೆ ಆ ಹಿಡಿತವಿಲ್ಲ, ಹೊಟ್ಟೆ ಬಿರಿಯುವವರೆಗೂ ನುಂಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುವ ಈ ಕೋಶಗಳು ಸತ್ತಾಗ ಒಳಗಿನ ಕೊಬ್ಬೆಲ್ಲ ಅಲ್ಲೇ ಚೆಲ್ಲಿ ಮೆತ್ತನೆಯ ತಿರುಳಾಗುತ್ತದೆ. ಅದರ ಮೇಲೆ ಸ್ನಾಯುಕೋಶಗಳು ಬಂದು ನಾರಿನ ಮುಚ್ಚಳ ಹೆಣೆಯುತ್ತವೆ. ಈ ತಿರುಳು, ಮುಚ್ಚಳ ಎರಡೂ ಸೇರಿದ್ದೇ ಪ್ಲಾಕ್.

ಇಷ್ಟರಲ್ಲಿ ಒಳಪದರದ ಕೆಲಸವೂ ಹದಗೆಟ್ಟಿರುತ್ತದೆ. ನೈಟ್ರಿಕ್ ಆಕ್ಸೈಡ್ ತಯಾರಿಸಬೇಕಾದ ಕಿಣ್ವವೇ ದಾರಿ ತಪ್ಪಿ ಸೂಪರಾಕ್ಸೈಡ್ ಮಾಡಲು ತೊಡಗುತ್ತದೆ, ಅದು ಇದ್ದಬದ್ದ ನೈಟ್ರಿಕ್ ಆಕ್ಸೈಡನ್ನೂ ನಾಶ ಮಾಡುತ್ತದೆ. ಆರೋಗ್ಯವಂತ ಕೊರೊನರಿ ನಾಳಕ್ಕೆ ಅಸಿಟೈಲ್‌ಕೋಲಿನ್ ಬಿಟ್ಟರೆ ಹಿಗ್ಗುತ್ತದೆ, ಪ್ಲಾಕ್ ಇರುವ ನಾಳ ಅದೇ ಔಷಧಕ್ಕೆ ಕುಗ್ಗುತ್ತದೆ. ಗಂಡಸರಲ್ಲಿ ಇದರ ಮೊದಲ ಸುಳಿವು ಕೆಲವೊಮ್ಮೆ ಎದೆಯಲ್ಲಿ ಅಲ್ಲ, ನಿಮಿರುವಿಕೆಯ ತೊಂದರೆಯಾಗಿ ಕಾಣಿಸುತ್ತದೆ, ಏಕೆಂದರೆ ಅಲ್ಲಿನ ನಾಳಗಳು ಒಂದೆರಡು ಮಿಲಿಮೀಟರಿನವು. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ, ಇದ್ದರೆ ಡಾಕ್ಟರಿಗೆ ಹೇಳಿ. ಸಿಗರೇಟು, ಏರಿದ ಬಿಪಿ, ಏರಿದ ಸಕ್ಕರೆ ಮೂರೂ ಇದೇ ಪದರವನ್ನು ಕೆಡಿಸುತ್ತವೆ. ಆದ್ದರಿಂದಲೇ ಅದೇ 168 ಎಲ್‌ಡಿಎಲ್ ಬೇರೆಯವರಿಗಿಂತ ನಿಮಗೆ ಹೆಚ್ಚು ಭಾರ. ನಾಳ ಕವಲೊಡೆಯುವ ಜಾಗಗಳಲ್ಲಿ ರಕ್ತ ನೇರವಾಗಿ ಹರಿಯದೆ ಸುಳಿಯಾಡುತ್ತದೆ, ಅಲ್ಲಿನ ಕೋಶಗಳು ಮೊದಲೇ ದುರ್ಬಲ. ಕೊರೊನರಿಗಳ ಕವಲು, ಕತ್ತಿನ ಕ್ಯಾರೊಟಿಡ್ ಕವಲುಗಳಲ್ಲಿ ಪ್ಲಾಕ್ ಹೆಚ್ಚಾಗಿ ಕಾಣುವುದು ಇದಕ್ಕೇ.

ಟಿಎಂಟಿಗೆ ಇದೆಲ್ಲ ಯಾಕೆ ಕಾಣಲಿಲ್ಲ? ಪ್ಲಾಕ್ ಬೆಳೆಯುವಾಗ ನಾಳ ಸುಮ್ಮನೆ ಕಿರಿದಾಗುತ್ತ ಹೋಗುವುದಿಲ್ಲ, ಹೊರಕ್ಕೆ ಉಬ್ಬಿ ಜಾಗ ಮಾಡಿಕೊಡುತ್ತದೆ. 1987ರಲ್ಲಿ ಸೀಮರ್ ಗ್ಲಾಗೋವ್ ಮತ್ತು ಸಂಗಡಿಗರು 136 ಹೃದಯಗಳ ಎಡ ಮುಖ್ಯ ಕೊರೊನರಿಯನ್ನು ಅಡ್ಡಕ್ಕೆ ಕತ್ತರಿಸಿ ಅಳೆದರು. ಗೋಡೆಯ ಎಲಾಸ್ಟಿಕ್ ಪದರ ಸುತ್ತುವರಿದ ಜಾಗದಲ್ಲಿ ಸುಮಾರು 40 ಶೇಕಡಾ ಪ್ಲಾಕ್ ತುಂಬುವವರೆಗೂ ರಕ್ತದ ದಾರಿ ಕಿರಿದಾಗಿರಲಿಲ್ಲ. ಟಿಎಂಟಿಯಲ್ಲಿ ಇಸಿಜಿ ಬದಲಾಗಬೇಕಾದರೆ ಸಾಮಾನ್ಯವಾಗಿ 70 ಶೇಕಡಾ ಸುಮಾರಿಗೆ ಕಿರಿದಾಗಿರಬೇಕು. ಮೊದಲ ಹಂತದಿಂದ ಅಲ್ಲಿಯವರೆಗೆ ದಶಕಗಳೇ ಹಿಡಿಯಬಹುದು, ಆ ಅಷ್ಟೂ ಕಾಲ ಟಿಎಂಟಿ ನಾರ್ಮಲ್ಲೇ.

ಇನ್ನೂ ಮುಖ್ಯವಾದದ್ದು, ಹಾರ್ಟ್ ಅಟ್ಯಾಕ್ ಆಗಲು ನಾಳ 70 ಶೇಕಡಾ ಕಿರಿದಾಗಿರಲೇಬೇಕೆಂದಿಲ್ಲ. ಎಷ್ಟೋ ಅಟ್ಯಾಕುಗಳು ಅಷ್ಟೇನೂ ದೊಡ್ಡದಲ್ಲದ ಪ್ಲಾಕಿನಿಂದ ಆಗುತ್ತವೆ. ತಿರುಳು ದೊಡ್ಡದಿದ್ದು ಮುಚ್ಚಳ 65 ಮೈಕ್ರಾನಿಗಿಂತ ತೆಳ್ಳಗಿದ್ದರೆ ಅದು ಬಿರಿಯುವ ಅಪಾಯ ಹೆಚ್ಚು. ಒಳಗಿನ ಮ್ಯಾಕ್ರೊಫೇಜುಗಳು ಬಿಡುವ ಕಿಣ್ವಗಳೇ ನಾರನ್ನು ಕರಗಿಸುತ್ತಿರುತ್ತವೆ. ಬಿರಿದಾಗ ತಿರುಳಿಗೆ ರಕ್ತ ತಾಗುತ್ತದೆ. ತಿರುಳಿನ ತುಂಬ ಟಿಶ್ಯೂ ಫ್ಯಾಕ್ಟರ್ ಎಂಬ ಹೆಪ್ಪುಗಟ್ಟಿಸುವ ಪ್ರೋಟೀನ್ ಇರುವುದರಿಂದ ನಿಮಿಷಗಳಲ್ಲಿ ಹೆಪ್ಪು ಕಟ್ಟಿ ನಾಳ ಮುಚ್ಚಿಹೋಗಬಹುದು. ಇನ್ನು ಕೆಲವರಲ್ಲಿ ಮುಚ್ಚಳ ಬಿರಿಯುವುದೇ ಇಲ್ಲ, ಮೇಲಿನ ಒಳಪದರ ಕಿತ್ತುಬಂದು ಆ ಹಸಿ ಜಾಗದ ಮೇಲೆ ಹೆಪ್ಪು ಕೂರುತ್ತದೆ. ನಿನ್ನೆ ಬೆಟ್ಟ ಹತ್ತಿದವರು ಇವತ್ತು ಕುಸಿದರು ಎಂಬ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಇವೇ.

ಆದ್ದರಿಂದ ಟಿಎಂಟಿ ನಾರ್ಮಲ್ ಎಂಬ ಧೈರ್ಯದಲ್ಲಿ ಎದೆನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಕೂರಬೇಡಿ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ದವಡೆಗೋ ತೋಳಿಗೋ ನೋವು ಹರಿದು, ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಎಲ್‌ಡಿಎಲ್ ಎಷ್ಟಿದೆ ಎನ್ನುವಷ್ಟೇ ಎಷ್ಟು ವರ್ಷದಿಂದ ಇದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22, ಆದರೂ 77 ಶೇಕಡಾ ಮಂದಿಯ ಕೊರೊನರಿಗಳಲ್ಲಿ ಕಾಯಿಲೆಯ ಗುರುತಿತ್ತು. ಇನ್ನೊಂದು ತುದಿಯಲ್ಲಿ, ಪಿಸಿಎಸ್‌ಕೆ9 ಎಂಬ ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದ ಕಪ್ಪು ಅಮೆರಿಕನ್ನರನ್ನು 15 ವರ್ಷ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರ ಎಲ್‌ಡಿಎಲ್ ಉಳಿದವರಿಗಿಂತ 28 ಶೇಕಡಾ ಮಾತ್ರ ಕಡಿಮೆ, ಕೊರೊನರಿ ಕಾಯಿಲೆ ಮಾತ್ರ 88 ಶೇಕಡಾ ಕಡಿಮೆ. ಜೀವನವಿಡೀ ಸ್ವಲ್ಪ ಕಡಿಮೆ ಇದ್ದುದರ ಫಲ ಅದು. ನಲವತ್ತನಾಲ್ಕಕ್ಕೆ ಶುರು ಮಾಡುವುದಕ್ಕೂ ಅರವತ್ತಕ್ಕೆ ಶುರು ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಂದ ಊಹಿಸಿಕೊಳ್ಳಬಹುದು.

ನಿಮ್ಮ ರಿಪೋರ್ಟನ್ನು ಕೈಯಲ್ಲಿ ಹಿಡಿದು ನೋಡಿ. ಒಟ್ಟು 246ರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ 36 ಕಳೆಯಿರಿ, ಉಳಿದದ್ದು 210. ಇದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತೇವೆ, ಗೋಡೆಗೆ ನುಗ್ಗಬಲ್ಲ ಎಲ್ಲ ಜಾತಿಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರುತ್ತದೆ. 210ರಿಂದ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು, ಅಂದರೆ 42 ಕಳೆದರೆ 168. ನಿಮ್ಮ ಲ್ಯಾಬು ಎಲ್‌ಡಿಎಲ್ಲನ್ನು ನೇರವಾಗಿ ಅಳೆದಿಲ್ಲ, ಹೀಗೆ ಲೆಕ್ಕ ಹಾಕಿದೆ. ತಪ್ಪೇನಿಲ್ಲ, ಆದರೆ ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಂಬಿಕೆಗೆ ಅರ್ಹವಲ್ಲ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಎಂಬ ಈ ಜೋಡಿ ನಮ್ಮ ದೇಶದಲ್ಲಿ ಬಹಳ ಸಾಮಾನ್ಯ. ಇಂಥವರಲ್ಲಿ ಕಣಗಳು ಚಿಕ್ಕವಾಗಿ ಸಂಖ್ಯೆ ಹೆಚ್ಚಿರುತ್ತದೆ, ಎಲ್‌ಡಿಎಲ್ ಅಂಕಿ ನೋಡಿದರೆ ಅಪಾಯ ಕಡಿಮೆಯೆಂದು ಕಾಣಬಹುದು. ಅದಕ್ಕೇ ನಿಮಗೆ ನಾನ್-ಎಚ್‌ಡಿಎಲ್ ಹೆಚ್ಚು ನಂಬಬಹುದಾದ ಅಂಕಿ. ಅದರ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು ಎಂದು ಇಟ್ಟುಕೊಳ್ಳಿ.

ಟಿಎಂಟಿಗೆ ಹಾಕಿದ ದುಡ್ಡನ್ನು ಎಲ್‌ಪಿ ಲಿಟ್ಲ್ ಎ ಎಂಬ ರಕ್ತಪರೀಕ್ಷೆಗೆ ಹಾಕಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಇದು ವಂಶದಿಂದ ಬರುವ ಕಣ, ಊಟದಿಂದ ಬದಲಾಗುವುದಿಲ್ಲ, ಹಾಗಾಗಿ ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. 50 ಮಿ.ಗ್ರಾಂ ದಾಟಿದ್ದರೆ ತಂದೆಗೆ 51ಕ್ಕೇ ಅಟ್ಯಾಕ್ ಆದದ್ದಕ್ಕೆ ಅದೂ ಒಂದು ಕಾರಣ ಇದ್ದಿರಬಹುದು. ಗಂಡಸರಲ್ಲಿ 55, ಹೆಂಗಸರಲ್ಲಿ 65 ತುಂಬುವ ಮೊದಲೇ ಆದ ಅಟ್ಯಾಕನ್ನು ವೈದ್ಯರು ಅಕಾಲದ್ದು ಎಂದೇ ಗಣಿಸುತ್ತಾರೆ. ಥೈರಾಯ್ಡ್ ಕೂಡ ನೋಡಿಸಿ, ಟಿಎಸ್‌ಎಚ್ ಏರಿದ್ದರೆ ಎಲ್‌ಡಿಎಲ್ ಅದರಿಂದಲೇ ಏರಿರಬಹುದು. ಕೊರೊನರಿಗಳಲ್ಲಿ ಕೂತ ಕ್ಯಾಲ್ಸಿಯಂ ಅಳೆಯುವ ಸ್ಕ್ಯಾನ್, ಅಂದರೆ ಸಿಟಿ ಕ್ಯಾಲ್ಸಿಯಂ ಸ್ಕೋರ್ ಮಾಡಿಸಬೇಕೇ ಎಂದರೆ, ಮಾತ್ರೆಗೆ ಮನಸ್ಸು ಒಪ್ಪದವರಿಗೆ ಅದು ಉಪಯೋಗ. ನೂರು ದಾಟಿದ್ದರೆ ವಾದಕ್ಕೆ ಜಾಗವಿಲ್ಲ. ಆದರೆ ಸೊನ್ನೆ ಬಂದರೆ ನಿಮ್ಮ ವಯಸ್ಸಿನಲ್ಲಿ ಪೂರ್ತಿ ಅಭಯವಲ್ಲ, ಕ್ಯಾಲ್ಸಿಯಂ ಕೂರದ ಮೆತ್ತನೆಯ ಪ್ಲಾಕ್ ಅದರಲ್ಲಿ ಕಾಣುವುದಿಲ್ಲ.

ಪಥ್ಯದ ಮಾತಿಗೆ ಬಂದರೆ, ದಾವಣಗೆರೆಯವರಿಗೆ ಬೆಣ್ಣೆ ದೋಸೆಯ ಲೆಕ್ಕದಿಂದಲೇ ಶುರು ಮಾಡಬೇಕು. ಒಂದು ದೊಡ್ಡ ಚಮಚ, ಸುಮಾರು 14 ಗ್ರಾಂ ಬೆಣ್ಣೆಯಲ್ಲಿ 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಎಲ್‌ಡಿಎಲ್ ಹೆಚ್ಚಿರುವವರು ದಿನದ ಕ್ಯಾಲೊರಿಯಲ್ಲಿ 7 ಶೇಕಡಾ ಒಳಗೆ ಇಟ್ಟುಕೊಳ್ಳಿ ಎನ್ನುತ್ತೇವೆ, 2000 ಕ್ಯಾಲೊರಿಗೆ ಅದು 15 ಗ್ರಾಂ ಚಿಲ್ಲರೆ. ಎರಡು ಚಮಚ ಬೆಣ್ಣೆ ಬಿದ್ದ ತಿಂಡಿಯಲ್ಲೇ ದಿನದ ಪಾಲು ಮುಗಿಯಿತು. ಅದೇ ಅಳತೆಯ ತುಪ್ಪದಲ್ಲಿ 8-9 ಗ್ರಾಂ, ಕೊಬ್ಬರಿ ಎಣ್ಣೆಯಲ್ಲಿ 11-12 ಗ್ರಾಂ, ಕಡಲೆಕಾಯಿ ಎಣ್ಣೆಯಲ್ಲಿ ಎರಡೂವರೆ ಗ್ರಾಂ ಒಳಗೆ. ಸ್ಯಾಚುರೇಟೆಡ್ ಕೊಬ್ಬು ಮಾಡುವ ಕೆಡುಕೆಂದರೆ, ಲಿವರಿನ ಮೈಮೇಲಿರುವ ಎಲ್‌ಡಿಎಲ್ ರಿಸೆಪ್ಟರುಗಳನ್ನು ಕಡಿಮೆ ಮಾಡುವುದು. ರಕ್ತದಿಂದ ಎಲ್‌ಡಿಎಲ್ಲನ್ನು ಹೆಕ್ಕಿ ತೆಗೆಯುವವು ಅವೇ. ತಿಂಗಳಿಗೊಂದು ಬೆಣ್ಣೆ ದೋಸೆಯಿಂದ ಏನೂ ಆಗದು, ದಿನಾ ಬೆಳಿಗ್ಗೆಯ ಅಭ್ಯಾಸ ಬೇರೆ. ಎಣ್ಣೆ ಪ್ಯಾಕೆಟ್ಟಿನ ಮೇಲೆ ಕೊಲೆಸ್ಟ್ರಾಲ್ ಮುಕ್ತ ಎಂದು ಬರೆದಿರುವುದಕ್ಕೆ ಮರುಳಾಗಬೇಡಿ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ ಎಂದೇ ಹೇಳಬಹುದು, ಪಾಮ್ ಎಣ್ಣೆಯಲ್ಲೂ! ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬಿದೆ. ಬೇಕರಿ ಖಾರ, ಬಿಸ್ಕತ್ತಿನ ಪ್ಯಾಕೆಟ್ಟಿನ ಹಿಂದೆ ಪಾಮೋಲಿನ್ ಎಂದಿದೆಯೇ ನೋಡಿ.

ಮನೆಯಲ್ಲಿ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ, ದಿನಾ ಒಂದು ಹೊತ್ತಾದರೂ ಹುರುಳಿ, ಹೆಸರುಕಾಳು, ಅಲಸಂದೆ, ಕಡಲೆಯಲ್ಲಿ ಒಂದರ ಸಾರೋ ಪಲ್ಯವೋ, ಕೈತುಂಬ ಹುರಿದ ಶೇಂಗಾ. ಟ್ರೈಗ್ಲಿಸರೈಡ್ 210 ಇಳಿಯಲು ಮಾತ್ರ ಎಣ್ಣೆಗಿಂತ ಸಕ್ಕರೆ, ಮೈದಾ, ರಾತ್ರಿಯ ಅನ್ನದ ರಾಶಿ, ಮದ್ಯ ಕಡಿಮೆಯಾಗಬೇಕು, ಹೊಟ್ಟೆ ಇಳಿಯಬೇಕು. ಅಂಗಡಿಯಲ್ಲಿ ಕೂರುವವರು ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಲೇಬೇಕು. ಇಷ್ಟೆಲ್ಲ ಶಿಸ್ತಾಗಿ ಮಾಡಿದರೂ ಬಹುಪಾಲು ಜನರಲ್ಲಿ ಎಲ್‌ಡಿಎಲ್ 10-15 ಶೇಕಡಾ ಇಳಿಯುತ್ತದೆ. ನಿಮ್ಮ 168, 145ರಿಂದ 150ಕ್ಕೆ ಬಂದು ನಿಲ್ಲುತ್ತದೆ. ರಕ್ತದ ಕೊಲೆಸ್ಟ್ರಾಲಿನಲ್ಲಿ ದೊಡ್ಡ ಪಾಲು ದೇಹವೇ ತಯಾರಿಸುವುದು, ತಿಂದದ್ದಲ್ಲ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಕುದಿಸಿ ಕುಡಿದರೆ ಬ್ಲಾಕ್ ತೊಳೆದುಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. ಗೋಡೆಯೊಳಗಿನದು ಯಾವ ಕಷಾಯಕ್ಕೂ ತೊಳೆದುಹೋಗುವುದಿಲ್ಲ.

ನಿಮಗೆ ಬರೆದ ಅಟೊರ್ವಾಸ್ಟಾಟಿನ್ ಸ್ಟಾಟಿನ್ ಎಂಬ ಗುಂಪಿನ ಮಾತ್ರೆ. ಸ್ಟಾಟಿನ್ ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತದೆ. ಕೊರತೆ ಕಂಡ ಲಿವರ್ ಹೆಚ್ಚು ರಿಸೆಪ್ಟರುಗಳನ್ನು ಹೊರತಂದು ರಕ್ತದಿಂದಲೇ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂಗೆ ಸುಮಾರು 43 ಶೇಕಡಾ ಇಳಿತ, ನಿಮ್ಮಲ್ಲಿ ಅದು 95ರ ಆಸುಪಾಸಿಗೆ ಬರಬೇಕು. ಡೋಸ್ ದುಪ್ಪಟ್ಟು ಮಾಡಿದರೆ ಇಳಿತ ದುಪ್ಪಟ್ಟಾಗುವುದಿಲ್ಲ, ಇನ್ನು 6 ಶೇಕಡಾ ಸೇರುತ್ತದೆ ಅಷ್ಟೆ. ಹಾಗಾಗಿ ಗುರಿ ಮುಟ್ಟದಿದ್ದರೆ ಡೋಸ್ ಏರಿಸುತ್ತಲೇ ಹೋಗುವ ಬದಲು ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ 10 ಮಿ.ಗ್ರಾಂ ಸೇರಿಸಿದರೆ ಉಳಿದದ್ದರಲ್ಲಿ ಐದನೇ ಒಂದು ಪಾಲು ಇಳಿಯುತ್ತದೆ. ನಿಮಗೆ ಎಲ್‌ಡಿಎಲ್ 100ರ ಒಳಗೆ ಬರುವುದು ಕನಿಷ್ಠ. ಎಲ್‌ಪಿ ಲಿಟ್ಲ್ ಎ ಏರಿದ್ದರೆ ಅಥವಾ ಕ್ಯಾಲ್ಸಿಯಂ ಕಂಡರೆ 70ರ ಒಳಗೆ ಎಂಬುದು ನನ್ನ ಅಭಿಪ್ರಾಯ. ಪ್ರತಿ 39 ಮಿ.ಗ್ರಾಂ ಇಳಿತಕ್ಕೆ ಹಾರ್ಟ್ ಅಟ್ಯಾಕ್, ಲಕ್ವದಂಥ ಅನಾಹುತಗಳು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ ಎಂಬುದು ಲಕ್ಷಕ್ಕೂ ಮಿಕ್ಕಿದ ಜನರ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಂಡದ್ದು.

ಮೈಕೈ ನೋವು ಬರುತ್ತದೆ ಎಂಬ ಭಯ ಎಲ್ಲರದೂ. 2020ರಲ್ಲಿ ಬ್ರಿಟನ್ನಿನ ಸ್ಯಾಮ್ಸನ್ ಪ್ರಯೋಗದಲ್ಲಿ ನೋವೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ಬಾಟಲಿ ಕೊಟ್ಟರು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧವಿಲ್ಲದ ಹುಸಿಮಾತ್ರೆ, ನಾಲ್ಕು ಖಾಲಿ, ತಿಂಗಳಿಗೊಂದು ಬಾಟಲಿ. ಸ್ಟಾಟಿನ್ ತಿಂಗಳಲ್ಲಿ ಕಂಡ ತೊಂದರೆಯ 90 ಶೇಕಡಾ ಹುಸಿಮಾತ್ರೆಯ ತಿಂಗಳಲ್ಲೂ ಕಂಡಿತ್ತು. ನೋವು ಸುಳ್ಳಲ್ಲ, ಕಾರಣ ಹೆಚ್ಚಾಗಿ ಮಾತ್ರೆಯಲ್ಲ. ಆದರೆ ತೊಡೆ, ಭುಜ ಎರಡೂ ಬದಿ ನಿತ್ರಾಣವಾಗಿ ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ನೋಡಿ, ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಪಿಕೆ ಪರೀಕ್ಷೆ ಬೇಕಾಗುತ್ತದೆ. ಅಪರೂಪ, ಆದರೂ ಗೊತ್ತಿರಲಿ. ಕೆಮ್ಮಿಗೆಂದು ಯಾರಾದರೂ ಕ್ಲಾರಿಥ್ರೋಮೈಸಿನ್ ಬರೆದರೆ ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿರುವುದಾಗಿ ಹೇಳಿ, ಅದು ರಕ್ತದಲ್ಲಿ ಸ್ಟಾಟಿನ್ ಮಟ್ಟ ಏರಿಸುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರನ್ನು ಸ್ಟಾಟಿನ್ ಸ್ವಲ್ಪ ಬೇಗ ಆ ಕಡೆ ತಳ್ಳಬಹುದು. ನಿಮ್ಮ ಎಚ್‌ಬಿಎ1ಸಿ 5.9 ಇರುವುದರಿಂದ ವರ್ಷಕ್ಕೊಮ್ಮೆ ನೋಡಿಸಿ. ಇದರಿಂದ ಆಗುವ ನಷ್ಟಕ್ಕಿಂತ ಲಾಭ ದೊಡ್ಡದು.

ಕರಗುತ್ತದೆಯೇ ಎಂದು ಕೇಳಿದಿರಿ. 2006ರ ಆಸ್ಟರಾಯ್ಡ್ ಅಧ್ಯಯನದಲ್ಲಿ ರೊಸುವಾಸ್ಟಾಟಿನ್ 40 ಮಿ.ಗ್ರಾಂ ಎರಡು ವರ್ಷ ಕೊಟ್ಟು ಎಲ್‌ಡಿಎಲ್ಲನ್ನು 130ರಿಂದ 60ರ ಸುಮಾರಿಗೆ ಇಳಿಸಿ, ನಾಳದೊಳಗೆ ಅಲ್ಟ್ರಾಸೌಂಡ್ ಇಳಿಸಿ ನೋಡಿದಾಗ ನಾಳದಲ್ಲಿ ಪ್ಲಾಕಿನ ಪಾಲು ಇಳಿದದ್ದು 1 ಶೇಕಡಾ ಬಿಂದುವಿನಷ್ಟು. ಗಾತ್ರ ನೋಡಿದರೆ ನಿರಾಸೆಯೇ. ಆದರೆ ತಿರುಳು ಕುಗ್ಗಿ ಮುಚ್ಚಳ ದಪ್ಪವಾಗುತ್ತದೆ, ಬಿರಿಯುವ ಪ್ಲಾಕು ಬಿರಿಯದ ಪ್ಲಾಕಾಗುತ್ತದೆ, ಜೀವ ಉಳಿಸುವುದು ಇದು. ಒಳಪದರವಂತೂ ಬಹಳ ಬೇಗ ಚೇತರಿಸಿಕೊಳ್ಳುತ್ತದೆ. ಅಫೆರೆಸಿಸ್ ಯಂತ್ರದಲ್ಲಿ ಒಮ್ಮೆ ಎಲ್‌ಡಿಎಲ್ ಸೋಸಿ ತೆಗೆದ ಕೂಡಲೇ ನಾಳ ಹಿಗ್ಗುವ ಶಕ್ತಿ ಹೆಚ್ಚಿದ್ದನ್ನು ಅಳೆದಿದ್ದಾರೆ.

ಜೀವನಪೂರ್ತಿಯೇ ಎಂದರೆ, ಸಾಮಾನ್ಯವಾಗಿ ಹೌದು. ಅದು ಚಟ ಹಿಡಿಸುವುದರಿಂದಲ್ಲ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಲಿವರ್ ಹಳೆಯ ಅಭ್ಯಾಸಕ್ಕೆ ಮರಳಿ ಎಲ್‌ಡಿಎಲ್ ಮತ್ತೆ 168ಕ್ಕೆ ಹೋಗುತ್ತದೆ, ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆಯೇ. ಶುರು ಮಾಡುವ ಮೊದಲು ಲಿವರಿನ ಎಎಲ್‌ಟಿ ಒಮ್ಮೆ ನೋಡಿಸಿ. ಹಗಲೋ ರಾತ್ರಿಯೋ ಮರೆಯದ ಹೊತ್ತಿಗೆ ತೆಗೆದುಕೊಳ್ಳಿ, ಅಟೊರ್ವಾಸ್ಟಾಟಿನ್‌ಗೆ ಹೊತ್ತಿನ ಹಂಗಿಲ್ಲ. ಆರರಿಂದ ಎಂಟು ವಾರಕ್ಕೆ ಲಿಪಿಡ್ ಮತ್ತೆ ಮಾಡಿಸಿ, ಖಾಲಿ ಹೊಟ್ಟೆ ಕಡ್ಡಾಯವಲ್ಲ, ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಉಪವಾಸದಲ್ಲಿ ಮರುಪರೀಕ್ಷೆ. ಜ್ವರ ಬಂದು ಹೋದ ಬೆನ್ನಿಗೇ ಮಾಡಿಸಬೇಡಿ, ಅಂಕಿ ಸುಳ್ಳಾಗಿ ಇಳಿದಿರುತ್ತದೆ. ಬಿಪಿಯನ್ನು ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಟ್ಟು ಅದೇ ಭೇಟಿಯಲ್ಲಿ ತೋರಿಸಿ. ಆಸ್ಪಿರಿನ್ ದಿನಾ ನುಂಗಬೇಕೇ ಎಂದು ಮುಂದೆ ಯಾರಾದರೂ ಹೇಳಿಯಾರು, ಇದುವರೆಗೆ ಅಟ್ಯಾಕ್ ಆಗದವರಿಗೆ ಅದು ರೂಢಿಯಾಗಿ ಬೇಡ, ರಕ್ತಸ್ರಾವದ ಅಪಾಯ ಇದೆ. ಒಡಹುಟ್ಟಿದವರಿದ್ದರೆ ಅವರಿಗೂ, ನಿಮ್ಮ ಮಕ್ಕಳಿಗೂ ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ. ದೊಡ್ಡವರಲ್ಲಿ ಯಾರಿಗಾದರೂ ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಲ್ಲೇ ಬಂದ ಬೇರೆ ಕಾಯಿಲೆ ಇರಬಹುದು. ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಟೆಂಡನ್) ದಪ್ಪಗಾಗಿದೆಯೇ ಎಂದೂ ಡಾಕ್ಟರಿಗೆ ತೋರಿಸಿ.